ಹರಿಯಾಲದ ಕಾಲು ಯಾವ ಬಣ್ಣ? ಎರಡು ರಾಜ್ಯ ಪಕ್ಷಿ ಕಾರ್ಡ್ ಸೆಟ್‌ಗಳ ರಿವ್ಯೂ

ನಮ್ಮ ಮನೇಲಿ ಈಗ ರಾಜ್ಯ ಪಕ್ಷಿಗಳ ಕಾರ್ಡ್ ಸೆಟ್ ಎರಡು ಇವೆ. ಒಂದು ಪುಣೆಯಲ್ಲೇ ಅಪ್ಪಾ ಬಳವಂತ ಚೌಕದಲ್ಲಿ ಕೊಂಡಿದ್ದು, ನಮ್ಮ ದೇಶದ್ದು, 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ, ಒಟ್ಟು 36 ಕಾರ್ಡು, 399 ರೂಪಾಯಿ. ಇನ್ನೊಂದು ನಮ್ಮ ನಾದಿನಿ ಡಿಸೆಂಬರ್‌ನಲ್ಲಿ ಅಮೆರಿಕಾದಿಂದ ಬಂದಾಗ ಮಗಳಿಗೆ ಅಂತ ತಂದಿದ್ದು, ಅಲ್ಲಿನ 50 ರಾಜ್ಯದ 50 ಕಾರ್ಡು. ಮಗಳು ಮೂರನೇ ಕ್ಲಾಸು, ಎಂಟು ವರ್ಷ. ಮೂರು ತಿಂಗಳು ದಿನಾ ಅನ್ನೋ ಹಾಗೆ ಎರಡರಲ್ಲೂ ಆಡಿದಾಳೆ, ಅವಳ ಜೊತೆ ನಾನು, ಅವಳ ಅಜ್ಜಿ ಎಲ್ಲರೂ ಆಡಿದೀವಿ, ಹಾಗಾಗಿ ಈಗ ಬರೀಬಹುದು ಅನಿಸ್ತು. ನಮ್ಮ ದೇಶದ ಸೆಟ್ ಮಾಡಿದ ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ತಪ್ಪುಗಳ ಬಗ್ಗೆ ಅವರಿಗೆ ಮೇಲ್ ಮಾಡಿದೀನಿ, ಅವರು ಸರಿ ಮಾಡ್ಕೊಳ್ಳೋಕೆ ಟೈಮ್ ಕೊಡಬೇಕು.

ಮೊದಲು ಅಮೆರಿಕಾದ ಸೆಟ್ ಬಂತು, ಅಲ್ಲಿಂದಲೇ ಶುರು ಮಾಡ್ತೀನಿ. ನಾದಿನಿ ಇರೋದು ಬಾಸ್ಟನ್ ಹತ್ರ, ಮ್ಯಾಸಚೂಸೆಟ್ಸ್ ರಾಜ್ಯ. ಅವರು ಡಬ್ಬಿ ತೆಗೆದ ತಕ್ಷಣ ಒಂದು ಕಾರ್ಡ್ ಹುಡುಕಿ ಮಗಳ ಕೈಗೆ ಕೊಟ್ಟರು, "ಇದು ನಮ್ಮ ಮನಿ ಕಿಡಕಿಗೆ ದಿನಾ ಬರತೈತಿ ನೋಡು" ಅಂತ. ಅಂಗೈಯಷ್ಟು ಹಕ್ಕಿ, ತಲೆ ಮೇಲೆ ಕಪ್ಪು ಟೋಪಿ, ಗಂಟಲ ಕೆಳಗೂ ಕಪ್ಪು, ಮಧ್ಯದಲ್ಲಿ ಕೆನ್ನೆ ಮಾತ್ರ ಹಾಲಿನ ಹಾಗೆ ಬಿಳಿ, ಬೆನ್ನು ಬೂದಿ ಬಣ್ಣ. ಬ್ಲ್ಯಾಕ್ ಕ್ಯಾಪ್ಡ್ ಚಿಕಡೀ. ಕಾರ್ಡಿನ ಹಿಂದೆ ಬರೆದಿರೋದು ಹೇಗಿದೆ ಗೊತ್ತಾ, ಮೊದಲನೇ ಸಾಲೇ ನೀವು ಕಿಟಕಿ ಪಕ್ಕ ಕಾಳು ಇಟ್ಟು ಸುಮ್ಮನೆ ನಿಂತರೆ ಇದು ಎಲ್ಲಾ ಹಕ್ಕಿಗಿಂತ ಮೊದಲು ಬರುತ್ತೆ ಅನ್ನೋ ಅರ್ಥದಲ್ಲಿದೆ. ಆಮೇಲೆ ಇದರ ತೂಕ, ಬರೀ 11-12 ಗ್ರಾಂ. ಮಗಳು ಅಡುಗೆಮನೆಗೆ ಓಡಿಹೋಗಿ ನನ್ನ ಕಿಚನ್ ತಕ್ಕಡಿ ಮೇಲೆ ಸಾಸಿವೆ ಸುರಿದು 12 ಗ್ರಾಂ ಅಂದ್ರೆ ಎಷ್ಟು ಅಂತ ನೋಡಿದಳು, ಅವಳ ಪುಟ್ಟ ಹಿಡಿಯೂ ತುಂಬಲಿಲ್ಲ. ಇಷ್ಟು ಸಣ್ಣ ಜೀವ ಬಾಸ್ಟನ್‌ನ ಹಿಮದಲ್ಲಿ ಚಳಿಗಾಲ ಪೂರ್ತಿ ಅಲ್ಲೇ ಕಳೆಯುತ್ತೆ, ಬೆಚ್ಚಗಿನ ಊರಿಗೆ ವಲಸೆ ಹೋಗಲ್ಲ ಅಂತ ನಾದಿನಿ ಹೇಳಿದಾಗ ನಾವೆಲ್ಲ ಆ ಕಾರ್ಡನ್ನ ಇನ್ನೊಂದು ಸಲ ನೋಡಿದ್ವಿ.

ಹೇಗೆ ಬದುಕುತ್ತೆ ಅನ್ನೋದೇ ಕಥೆ. ಬೇಸಿಗೆ ಮುಗೀತಿದ್ದ ಹಾಗೆ ಒಂದೊಂದೇ ಕಾಳನ್ನ ತಗೊಂಡು ಹೋಗಿ ಮರದ ತೊಗಟೆ ಸಂದಿಲಿ, ಎಲೆ ಕೆಳಗೆ, ಒಂದೊಂದನ್ನೂ ಬೇರೆ ಬೇರೆ ಜಾಗದಲ್ಲಿ ಬಚ್ಚಿಡುತ್ತೆ, ಆಮೇಲೆ ಆ ಜಾಗ ನೆನಪಿಟ್ಟುಕೊಂಡು ಬಂದು ತೆಗೀತದೆ. ಆ ನೆನಪಿಗೆ ಬೇಕಾದ ಮೆದುಳಿನ ಭಾಗ, ಹಿಪೊಕ್ಯಾಂಪಸ್, ಶರತ್ಕಾಲದಲ್ಲಿ ದೊಡ್ಡದಾಗುತ್ತೆ ಅಂತ ವಿಜ್ಞಾನಿಗಳು ಗಮನಿಸಿದಾರೆ. ರಾತ್ರಿ ಕೊರೆಯೋ ಚಳಿಲಿ ಮೈ ಬಿಸಿಯನ್ನೇ ಸುಮಾರು 10 ಡಿಗ್ರಿ ಇಳಿಸಿಕೊಂಡು ಶಕ್ತಿ ಉಳಿಸುತ್ತೆ, ಬೆಳಿಗ್ಗೆ ಎದ್ದು ಮತ್ತೆ ಕಾಳಿಗೆ ಹೊರಡುತ್ತೆ. ಇನ್ನೊಂದು, ಅದರ ಹೆಸರೇ ಅದರ ಕೂಗು, ಚಿಕ್-ಅ-ಡೀ-ಡೀ-ಡೀ. ಅಪಾಯ ಹೆಚ್ಚಾದಷ್ಟೂ ಕೊನೆಯ ಡೀ ಹೆಚ್ಚಾಗುತ್ತೆ ಅಂತ 2005ರಲ್ಲಿ ಸಂಶೋಧನೆ ಬಂತು, ದೊಡ್ಡ ಗೂಬೆ ಕಂಡರೆ ಕಡಿಮೆ ಡೀ, ಸಣ್ಣ ಗೂಬೆ ಕಂಡರೆ ಜಾಸ್ತಿ ಡೀ, ಯಾಕಂದ್ರೆ ಇಷ್ಟು ಸಣ್ಣ ಚುರುಕು ಹಕ್ಕಿನ ದೊಡ್ಡ ಗೂಬೆ ಹಿಡಿಯೋದು ಕಷ್ಟ, ಸಣ್ಣ ಗೂಬೆ ಕೊಂಬೆ ಕೊಂಬೆ ಸಂದಿಲಿ ಬೆನ್ನಟ್ಟಿ ಹಿಡೀತದೆ. ಕಾರ್ಡ್ ಹಿಂದೆ ಕ್ಯೂಆರ್ ಕೋಡ್ ಇದೆ, ಫೋನ್ ಹಿಡಿದರೆ ಕೂಗು ಕೇಳುತ್ತೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳು ಅಣ್ಣನ ತಟ್ಟೆಯಿಂದ ಹಪ್ಪಳ ಎತ್ತೋಕೆ ಹೋದ್ಲು, ಅವನು ನೋಡಿ ಚಿಕ್-ಅ-ಡೀ-ಡೀ-ಡೀ-ಡೀ-ಡೀ ಅಂತ ಅಜ್ಜಿಗೆ ಕೂಗಿ ಹೇಳಿದ. ಒಂದು ಕಾರ್ಡ್ ಇದಕ್ಕಿಂತ ಏನು ಮಾಡಬೇಕು ಹೇಳಿ.

ನಮ್ಮ ಅತ್ತೆ ಕನ್ನಡಕ ಹಾಕ್ಕೊಂಡು ಆ ಕಾರ್ಡ್ ನೋಡಿದ್ರು, ಅವರು ಧಾರವಾಡದವರು, "ಇದು ನಮ್ಮ ಹಿತ್ತಲದಾಗ ಬರ್ತಿತ್ತಲ್ಲ, ಪ್ಯಾರಲ ಗಿಡದಾಗ, ಕರಿ ಟೊಪಿಗಿ" ಅಂದ್ರು. ನಾದಿನಿ ಇಲ್ಲ ಅವ್ವಾ ಇದು ಅಮೆರಿಕಾದ್ದು ಅಂದ್ರು. ಇಬ್ಬರೂ ಹೇಳಿದ್ದು ಸರಿನೇ. ಚಿಕಡೀ ಅಲ್ಲಿನದೇ, ಆದರೆ ಅದರ ಕುಟುಂಬದ ಹಕ್ಕಿ ನಮ್ಮಲ್ಲೂ ಇದೆ, ಕಪ್ಪು ತಲೆ, ಬಿಳಿ ಕೆನ್ನೆ, ಬೂದಿ ಬೆನ್ನು, ಹೊಟ್ಟೆ ಮೇಲೆ ಉದ್ದಕ್ಕೆ ಒಂದು ಕಪ್ಪು ಪಟ್ಟಿ, ಇಂಗ್ಲಿಷಲ್ಲಿ ಸಿನೇರಿಯಸ್ ಟಿಟ್ ಅಂತಾರೆ, ಕನ್ನಡದಲ್ಲಿ ಅದಕ್ಕೆ ಚೇಕಡಿ ಹಕ್ಕಿ ಅಂತಲೇ ಹೆಸರು. ಚಿಕಡೀ, ಚೇಕಡಿ. ಎರಡು ಸಲ ಜೋರಾಗಿ ಹೇಳಿ ನೋಡಿ. ಪುಣೆ ಹತ್ರ ಸಿಂಹಗಡದ ಕೆಳಗಿನ ಕಣಿವೇಲಿ ನಾನೇ ಅದನ್ನ ನೋಡಿದೀನಿ, ಹೆಸರು ಗೊತ್ತಿರಲಿಲ್ಲ, ಅಮೆರಿಕಾದ ಒಂದು ಕಾರ್ಡಿನಿಂದ ನಮ್ಮ ಹಕ್ಕಿಯ ಕನ್ನಡ ಹೆಸರು ನಮ್ಮ ಮನೇಲಿ ಮೊದಲ ಸಲ ಬಾಯಿಗೆ ಬಂತು.

ಈಗ ಇನ್ನೊಂದು ವಿಷಯ. ಮಗಳು ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿದಾಗ "ಮಮ್ಮಿ ಇದು ಎರಡು ಸಲ ಬಂದೈತಿ, ಪ್ರಿಂಟಿಂಗ್ ಮಿಸ್ಟೇಕ್" ಅಂದಳು. ಚಿಕಡೀ ಎರಡು ಇದ್ವು, ಒಂದು ಮ್ಯಾಸಚೂಸೆಟ್ಸ್‌ದು, 1941ರಲ್ಲಿ ಘೋಷಣೆ ಆಗಿದ್ದು, ಇನ್ನೊಂದು ಮೇನ್ ರಾಜ್ಯದ್ದು, 1927. ಮಿಸ್ಟೇಕ್ ಅಲ್ಲ, ಎರಡೂ ರಾಜ್ಯ ಒಂದೇ ಹಕ್ಕಿನ ಆರಿಸಿಕೊಂಡಿವೆ. ಮೇನ್‌ನ ಕಾನೂನಿನಲ್ಲಂತೂ ಬರೀ ಚಿಕಡೀ ಅಂತ ಇದೆ, ಯಾವ ಚಿಕಡೀ ಅಂತಿಲ್ಲ, ಅಲ್ಲಿ ಇರೋದು ಎರಡು ಜಾತಿ, ಕಪ್ಪು ಟೋಪಿದು ಮತ್ತೆ ಕಂದು ಟೋಪಿಯ ಬೋರಿಯಲ್ ಚಿಕಡೀ. ಅಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೂ 1999ರಿಂದ ಎಷ್ಟೋ ವರ್ಷ ಚಿಕಡೀ ಕೂತಿತ್ತು ಅಂತ ನಾದಿನಿ ಹೇಳಿದ್ರು, ಮಗಳು ಹಾಗಾದ್ರೆ ನಮ್ಮ ಪುಣೆಯ ಎಂಎಚ್ 12 ಪ್ಲೇಟ್ ಮೇಲೆ ಯಾವ ಹಕ್ಕಿ ಹಾಕಬೇಕು ಅಂತ ಕೇಳಿದಳು, ನನಗೆ ಆವಾಗ ಉತ್ತರ ಗೊತ್ತಿರಲಿಲ್ಲ. ಕಾರ್ಡಿನಲ್ ಅಂತ ಕೆಂಪು ಹಕ್ಕಿ ಒಂದು ಏಳು ರಾಜ್ಯಕ್ಕೆ, ಏಳು ಕಾರ್ಡು ಕೆಂಪು ಕೆಂಪು. ಹೀಗಾಗಿ ಮಕ್ಕಳು ತಾವೇ ಆಟ ಮಾಡ್ಕೊಂಡ್ರು, ಎಲ್ಲಾ ಕಾರ್ಡ್ ಕವುಚಿ ಹಾಕೋದು, ಎರಡೆರಡು ತಿರುಗಿಸೋದು, ಹಕ್ಕಿ ಒಂದೇ ಆದ್ರೆ ಜೋಡಿ ನಿನ್ನದು, ಆದರೆ ಎರಡೂ ರಾಜ್ಯದ ಹೆಸರು ಹೇಳಿದ್ರೆ ಮಾತ್ರ. ಡಬ್ಬಿ ಮೇಲೆ ಈ ಆಟ ಇಲ್ಲವೇ ಇಲ್ಲ. ರೋಡ್ ಐಲೆಂಡ್, ಡೆಲಾವೇರ್ ಎರಡರದ್ದೂ ರಾಜ್ಯ ಪಕ್ಷಿ ಕೋಳಿ, ಅದು ಬಂದಾಗ ಮಾತ್ರ ಇಬ್ಬರೂ ಜಗಳ ಆಡ್ತಾರೆ, ಕೋಳಿ ಕೋಳಿ ಜೋಡಿ ಅಂತ ಒಬ್ಬ, ತಳಿ ಬೇರೆ ಅಂತ ಇನ್ನೊಬ್ಬಳು.

ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ರಾಜ್ಯ ಪಕ್ಷಿನ ಆರಿಸಿದ್ದೇ ಶಾಲೆ ಮಕ್ಕಳು ಮತ್ತೆ ಮಹಿಳಾ ಸಂಘದವರು, 1920-30ರ ದಶಕದಲ್ಲಿ ವೋಟು ಹಾಕಿ, ಆಮೇಲೆ ಶಾಸನಸಭೆ ಒಪ್ಪಿದ್ದು. ಅದಕ್ಕೇ ಅಲ್ಲಿ ಮನೆ ಮುಂದೆ ಬರೋ ಹಕ್ಕಿಗಳೇ ಹೆಚ್ಚು ಅನಿಸುತ್ತೆ ನನಗೆ. ಮಕ್ಕಳು ತಾವು ನೋಡಿದ್ದಕ್ಕೆ ತಾನೆ ವೋಟು ಹಾಕೋದು.

ಈ ಸೆಟ್ ನೋಡಿದ ಮೇಲೆ ನಮ್ಮದು ಬೇಕು ಅಂತ ಮಗಳು ಹಟ ಹಿಡಿದಳು. ಜನವರಿಲಿ ಒಂದು ಶನಿವಾರ ಅಪ್ಪಾ ಬಳವಂತ ಚೌಕಕ್ಕೆ ಹೋದ್ವಿ. ಪುಣೆಯವರಿಗೆ ಹೇಳಬೇಕಿಲ್ಲ, ಎಬಿಸಿ ಅಂದ್ರೆ ಪುಸ್ತಕದ ಸಂತೆ, ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ, ನಾವು ಶನಿವಾರವಾಡಾ ಕಡೆ ನಿಲ್ಲಿಸಿ ನಡೆದು ಹೋದ್ವಿ. ನಾಲ್ಕು ಅಂಗಡಿಲಿ ಪ್ರಾಣಿ, ಹಣ್ಣು, ಬಾವುಟ, ಸ್ವಾತಂತ್ರ್ಯ ಹೋರಾಟಗಾರರು ಎಲ್ಲಾ ಕಾರ್ಡೂ ಇದ್ವು, ರಾಜ್ಯ ಪಕ್ಷಿ ಮಾತ್ರ ಇಲ್ಲ. ಐದನೇ ಅಂಗಡಿಯ ಕಾಕಾ ಏಣಿ ಹತ್ತಿ ಮೇಲಿನ ಶೆಲ್ಫಿನಿಂದ ಧೂಳು ಹಿಡಿದ ಡಬ್ಬಿ ಒಂದು ಇಳಿಸಿ, ಒದ್ದೆ ಬಟ್ಟೇಲಿ ಒರೆಸಿ, ತೆಗೆದು ನೋಡಿ ಆಮೇಲೆ ದುಡ್ಡು ಕೊಡಿ ಅಂತ ಮರಾಠಿಲಿ ಹೇಳಿದ್ರು. ಆ ಕಾಕಾಗೆ ಪೂರ್ತಿ ಮಾರ್ಕ್ಸು. ಆನ್‌ಲೈನ್‌ನಲ್ಲಿ ಯಾರು ಡಬ್ಬಿ ತೆರೆದು ತೋರಿಸ್ತಾರೆ.

ಕಾರ್ಡಿನ ಗುಣಮಟ್ಟ ಚೆನ್ನಾಗಿದೆ, ದಪ್ಪ ಇದೆ, ಲ್ಯಾಮಿನೇಷನ್ ಇದೆ, ಮೂಲೆ ದುಂಡಗೆ ಕತ್ತರಿಸಿದಾರೆ, ಒಂದ್ಸಲ ಇಡೀ ಲೋಟ ಮಜ್ಜಿಗೆ ಚೆಲ್ಲಿತು, ಒರೆಸಿದ್ವಿ, ಏನೂ ಆಗಲಿಲ್ಲ. ಈ ವಿಷಯದಲ್ಲಿ ಅಮೆರಿಕಾದ್ದಕ್ಕಿಂತ ವಾಸಿ, ಅದರ ಅಂಚು ಒಂದೇ ತಿಂಗಳಿಗೆ ಬಿಟ್ಕೊಳ್ಳೋಕೆ ಶುರುವಾಗಿದೆ. ಚಿತ್ರಗಳಲ್ಲಿ ಕೆಲವಂತೂ ತೆಗೆದು ಫ್ರೇಮ್ ಹಾಕಬೇಕು ಹಾಗಿವೆ. ಕರ್ನಾಟಕದ ನೀಲಕಂಠ ನೋಡಿ, ತಂತಿ ಮೇಲೆ ಸುಮ್ಮನೆ ಕೂತಾಗ ಅದು ಕಂದು ಕಂದಾಗಿ ಕಾಣುತ್ತೆ, ಹೆಸರು ನೀಲಕಂಠ ಅಂತ ಇದ್ರೂ ಕತ್ತು ನೀಲಿ ಅಲ್ಲ, ರೆಕ್ಕೆ ಬಿಚ್ಚಿ ಹಾರಿದಾಗಲೇ ಆ ಎರಡು ಥರದ ನೀಲಿ ಕಣ್ಣಿಗೆ ಬಡಿಯೋದು, ಇವರು ಹಾರೋ ಚಿತ್ರವನ್ನೇ ಹಾಕಿದಾರೆ. ಅದನ್ನ ಆರಿಸಿದವರು ಯಾರೋ ಆ ಹಕ್ಕಿನ ನಿಜವಾಗಿ ನೋಡಿದವರು. ಅತ್ತೆ ಅದನ್ನ ಕೈಲಿ ಹಿಡ್ಕೊಂಡು, ದಸರಾ ದಿವಸ ಬನ್ನಿ ಕೊಡಾಕ ಹೊಂಟಾಗ ಇದು ಕಂಡ್ರ ವರ್ಷ ಚಲೋ ಹೋಗತೈತಿ ಅಂತ ನಮ್ಮಪ್ಪ ಹೊಲದ ದಾರಿಗುಂಟ ಹುಡುಕಿ ಹುಡುಕಿ ತೋರಸ್ತಿದ್ದ ಅಂತ ಒಂದು ಅರ್ಧ ಗಂಟೆ ಮಾತಾಡಿದ್ರು. ಹಿಮಾಚಲದ ಟ್ರ್ಯಾಗೋಪಾನ್, ಉತ್ತರಾಖಂಡದ ಮೋನಾಲ್, ಅರುಣಾಚಲ ಮತ್ತೆ ಕೇರಳದ ದೊಡ್ಡ ಮಂಗಟ್ಟೆ, ಎಲ್ಲಾ ಚೆನ್ನಾಗಿವೆ. ಹಿಮಾಚಲದ್ದು 2007ಕ್ಕಿಂತ ಮುಂಚೆ ಮೋನಾಲ್ ಇತ್ತು, ಆಮೇಲೆ ಟ್ರ್ಯಾಗೋಪಾನ್ ಆಯ್ತು, ಅದನ್ನ ಸರಿಯಾಗಿ ಹಾಕಿದಾರೆ. ಕಪ್ಪು ಕತ್ತಿನ ಕೊಕ್ಕರೆ ಲಡಾಖ್‌ಗೆ ಹೋಗಿರೋದೂ ಸರಿ ಇದೆ.

ರಾಜಸ್ಥಾನದ ಕಾರ್ಡಿನಲ್ಲಿ ಎರ್ಲಡ್ಡು, ಗ್ರೇಟ್ ಇಂಡಿಯನ್ ಬಸ್ಟರ್ಡ್. ಇದರ ಹಿಂದೆ ಎತ್ತರ ತೂಕ ಬಿಟ್ಟು ಬೇರೇನೂ ಇಲ್ಲ, ನನಗೆ ಬೇಜಾರಾಗಿದ್ದು ಅಲ್ಲಿ. 1963ರಲ್ಲಿ ನವಿಲು ರಾಷ್ಟ್ರಪಕ್ಷಿ ಆಯ್ತಲ್ಲ, ಆವಾಗ ಸಲೀಂ ಅಲಿಯವರು ಎರ್ಲಡ್ಡು ಆಗಬೇಕು ಅಂತ ಬಯಸಿದ್ದರು, ಮುಂಬೈಯವರು, ಹಕ್ಕಿಗೇ ಜೀವ ತೇಯ್ದವರು, ಹಾಗಾದ್ರೂ ಅದು ಉಳೀಲಿ ಅಂತ. ನಮ್ಮಿಂದ ದೂರನೂ ಇಲ್ಲ, ಪುಣೆಯಿಂದ ಊರಿಗೆ ಸೊಲ್ಲಾಪುರದ ಮೇಲೆ ಹೋಗೋವಾಗ ಅಲ್ಲೇ ನಾನ್ನಜ್‌ನಲ್ಲಿ ಅದಕ್ಕೆ ಅಂತಲೇ ಅಭಯಾರಣ್ಯ ಇದೆ. ಇದೆಲ್ಲಾ ಮಗುವಿಗೆ ಹೇಳಬೇಕಾದ ಕಥೆ, ಕಾರ್ಡಲ್ಲಿ ಎರಡು ಸಾಲು ಜಾಗ ಖಾಲಿನೂ ಇತ್ತು.

ಈಗ ತಪ್ಪುಗಳು. ಆಂಧ್ರದ ಕಾರ್ಡಲ್ಲಿ ಇನ್ನೂ ನೀಲಕಂಠ ಇದೆ. ರಾಜ್ಯ ಎರಡಾದ ಮೇಲೆ ತೆಲಂಗಾಣ 2014ರಲ್ಲಿ ಪಾಲಪಿಟ್ಟ ಅಂತ ನೀಲಕಂಠನ ಇಟ್ಕೊಂಡಿತು, ಆಂಧ್ರ 2018ರಲ್ಲಿ ಗಿಳಿನ, ರಾಮಚಿಲುಕನ ಆರಿಸಿಕೊಂಡಿತು. ಮಗಳ ಕ್ಲಾಸಲ್ಲಿ ಜಿಕೆ ಕ್ವಿಜ್ ಇತ್ತು, ಅವಳು ಈ ಕಾರ್ಡ್ ನೋಡಿ ಓದ್ಕೊಂಡು ಹೋಗಿ ಆಂಧ್ರಕ್ಕೆ ನೀಲಕಂಠ ಅಂತ ಬರೆದು ಒಂದು ಮಾರ್ಕ್ಸ್ ಕಳ್ಕೊಂಡಳು, ಮನೆಗೆ ಬಂದು ಕಾರ್ಡ್ ಸುಳ್ಳು ಹೇಳಿತು ಅಂತ ಅತ್ತಳು. ಒಂದು ಮಾರ್ಕ್ಸ್ ದೊಡ್ಡದಲ್ಲ, ಆದರೆ ಅಚ್ಚಾದದ್ದು ಸುಳ್ಳಾಗಬಹುದು ಅಂತ ಎಂಟು ವರ್ಷದ ಮಗುವಿಗೆ ಹೇಗೆ ಹೇಳೋದು, ನಾನು ಆ ದಿನ ಕಂಪನಿಯವರ ಮೇಲೆ ನಿಜವಾಗಿ ಸಿಟ್ಟಾಗಿದ್ದೆ. ಗೋವಾದ ಕಾರ್ಡೂ ತಪ್ಪು, ಗೋವಾದ ರಾಜ್ಯ ಪಕ್ಷಿ ಕೆಂಪು ಗಂಟಲಿನ ಹಳದಿ ಪಿಕಳಾರ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ, ಗಂಟಲು ಮಾಣಿಕ್ಯದ ಕೆಂಪು, ತಲೆ ಮೇಲೆ ಜುಟ್ಟು ಇಲ್ಲ, ಕಣ್ಣು ಬೆಳ್ಳಗೆ. ಇವರು ಹಾಕಿರೋ ಚಿತ್ರದಲ್ಲಿ ಜುಟ್ಟು ನಿಗುರಿ ನಿಂತಿದೆ, ಗಂಟಲು ಕಪ್ಪು. ಅದು ಹಿಮಾಲಯದ ಕಡೆ ಸಿಗೋ ಅದರ ಸಂಬಂಧಿ. ಗೋವಾದ ಮಕ್ಕಳು ಆ ಕಾರ್ಡ್ ಹಿಡ್ಕೊಂಡು ಕಾಡಿಗೆ ಹೋದ್ರೆ ತಮ್ಮ ಹಕ್ಕಿ ಎದುರಿಗೆ ಕೂತಿದ್ರೂ ಇದಲ್ಲ ಅಂತ ಬಿಟ್ಟು ಮುಂದೆ ಹೋಗ್ತಾರೆ.

ಮೂರನೇದು ನಾನಲ್ಲ ಹಿಡಿದಿದ್ದು, ಮಗಳು. ಮಹಾರಾಷ್ಟ್ರದ ಕಾರ್ಡು. ಹರಿಯಾಲ, ಹಸಿರು ಪಾರಿವಾಳ, ಇಂಗ್ಲಿಷ್ ಹೆಸರು ಯೆಲ್ಲೋ ಫುಟೆಡ್ ಗ್ರೀನ್ ಪಿಜನ್. ಒಂದು ಸಂಜೆ ನಾನು ಮೆಂತೆ ಸೊಪ್ಪು ಬಿಡಿಸ್ತಾ ಕೂತಿದ್ದೆ, ಅವಳು ಬಂದು ಕಾರ್ಡನ್ನ ನನ್ನ ಮೂಗಿನ ಹತ್ರ ಹಿಡಿದು, "ಮಮ್ಮಿ, ಹೆಸರಿನ್ಯಾಗ ಹಳದಿ ಕಾಲು ಅಂತ ಐತಿ, ಚಿತ್ರದಾಗ ಕೆಂಪು ಅದಾವು ನೋಡು" ಅಂದಳು. ನೋಡಿದೆ, ಹೌದು, ಕೊಂಬೆ ಹಿಡಿದ ಬೆರಳು ಗುಲಾಬಿ ಕೆಂಪು. ಹಸಿರು ಪಾರಿವಾಳದಲ್ಲಿ ಬೇರೆ ಬೇರೆ ಜಾತಿ ಇವೆ, ಬಹುತೇಕ ಎಲ್ಲದರ ಕಾಲೂ ಕೆಂಪೇ, ಹಳದಿ ಕಾಲು ಇದರದ್ದೇ ಗುರುತು. ಅಂದ್ರೆ ಇಡೀ ಹಕ್ಕಿನೇ ಬೇರೆ ಹಾಕಿದಾರೆ. ನಾವು ಹನ್ನೊಂದು ವರ್ಷದಿಂದ ಇರೋ ರಾಜ್ಯದ ಪಕ್ಷಿ, ನನಗೇ ಗೊತ್ತಾಗಲಿಲ್ಲ. ಆ ಕಾರ್ಡಿನ ಹಿಂದೆ ಏನಿದೆ ಅಂದ್ರೆ ವೈಜ್ಞಾನಿಕ ಹೆಸರು, ಉದ್ದ, ಆಹಾರ ಹಣ್ಣು, ಆವಾಸ ಕಾಡು. ಮುಗೀತು. ಪರೀಕ್ಷೆಗೆ ಬರೆದ ಉತ್ತರದ ಹಾಗೆ. ಕಾಡು ಅಂತ ಓದಿ ಮಗಳು ಹಾಗಾದ್ರೆ ಪುಣೆಲಿ ಸಿಗಲ್ಲ ಅಂತ ತೀರ್ಮಾನ ಮಾಡಿದ್ದಳು.

ಸಿಗುತ್ತೆ. ನಮ್ಮ ಸೊಸೈಟಿಲಿ ಒಬ್ಬರು ರಿಟೈರ್ಡ್ ಆಜೋಬಾ, ಮರಾಠಿಲಿ ಅಜ್ಜ, ಇದಾರೆ, ದಿನಾ ಬೆಳಿಗ್ಗೆ ಬೈನಾಕ್ಯುಲರ್ ಹಾಕ್ಕೊಂಡು ಪಾಷಾಣ್ ಕೆರೆ ಕಡೆ ಹೋಗ್ತಾರೆ, ಅವರನ್ನ ಕೇಳಿದ್ವಿ. ಆಲ, ಅರಳಿ, ಅತ್ತಿ, ಯಾವುದಾದ್ರೂ ಮರ ಹಣ್ಣು ಬಿಟ್ಟಿದ್ರೆ ಬೆಳಿಗ್ಗೆ ಸೂರ್ಯ ಹುಟ್ಟೋ ಹೊತ್ತಿಗೆ ಹೋಗಿ, ಮರದ ಒಳಗೆ ಹುಡುಕಬೇಡಿ, ತುತ್ತತುದಿಯ ಬೋಳು ಕೊಂಬೆ ನೋಡಿ, ಬಿಸಿಲು ಕಾಯಿಸೋಕೆ ಗುಂಪಾಗಿ ಕೂತಿರ್ತವೆ, ಬಿಸಿಲೇರಿದ ಮೇಲೆ ಎಲೆ ಒಳಗೆ ಸೇರಿಬಿಟ್ಟರೆ ನಿಮ್ಮ ಕಣ್ಣೆದುರಿಗಿದ್ರೂ ಕಾಣಲ್ಲ ಅಂದ್ರು. ಈ ಒಂದು ಮಾತು ಆ ಕಾರ್ಡಿನ ಹಿಂದೆ ಇರಬೇಕಿತ್ತು ನೋಡಿ! ಚಿಕಡೀ ಕಾರ್ಡ್ ಬರೆದವರು ಕಿಟಕಿ ಪಕ್ಕ ಕಾಳು ಇಡಿ ಅಂದ್ರು, ಎಲ್ಲಿ ನಿಲ್ಲಬೇಕು ಯಾವಾಗ ನೋಡಬೇಕು ಅಂತ ಮಗುವಿನ ಕೈ ಹಿಡಿದು ಕರ್ಕೊಂಡು ಹೋದ್ರು. ನಮ್ಮವರು ಆವಾಸ ಕಾಡು ಅಂದು ಬಾಗಿಲು ಹಾಕಿದ್ರು.

ಮಾರ್ಚ್‌ನಲ್ಲಿ ಒಂದು ಭಾನುವಾರ ಆರು ಗಂಟೆಗೆ ಎದ್ದು ಹೋದ್ವಿ, ನಾನು, ಮಗಳು, ಆಜೋಬಾ. ದೂರ ಏನಲ್ಲ, ಪಾಷಾಣ್ ರಸ್ತೆಲೇ ಒಂದು ಹಳೇ ಅರಳಿ ಮರ, ಕೆಳಗೆ ಚಹಾದ ಗಾಡಿ, ಪಕ್ಕದಲ್ಲಿ ರಿಕ್ಷಾ ಸ್ಟ್ಯಾಂಡು. ಮಗಳು ಕಾರ್ಡನ್ನ ಸ್ವೆಟರ್ ಜೇಬಲ್ಲಿ ಇಟ್ಕೊಂಡು ಬಂದಿದ್ದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಸಿಲು ಮರದ ತುದಿಗೆ ಬಿತ್ತು, ಮೇಲಿನ ಬೋಳು ಕೊಂಬೆ ಮೇಲೆ ಗಂಟು ಗಂಟು ಅಂದ್ಕೊಂಡಿದ್ದೆಲ್ಲ ಹಕ್ಕಿ ಆಯ್ತು. ಒಂದು, ಎರಡು, ಎಣಿಸ್ತಾ ಎಣಿಸ್ತಾ ಹದಿನಾಲ್ಕು. ಎದೆ ಹಳದಿ ಮಿಶ್ರಿತ ಹಸಿರು, ತಲೆ ಬೂದಿ, ಹೆಗಲ ಮೇಲೆ ಬದನೆ ಹೂವಿನ ಬಣ್ಣದ ಒಂದು ಸಣ್ಣ ಮಚ್ಚೆ. ಆಜೋಬಾ ಬೈನಾಕ್ಯುಲರ್ ಮಗಳಿಗೆ ಕೊಟ್ಟು ಫೋಕಸ್ ಚಕ್ರ ಹೇಗೆ ತಿರುಗಿಸೋದು ಅಂತ ಬೆರಳು ಹಿಡಿದು ತೋರಿಸಿದ್ರು. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕಣ್ಣಿಂದ ಬೈನಾಕ್ಯುಲರ್ ತೆಗೆಯದೇನೇ, "ಹಳದಿ! ಮಮ್ಮಿ, ಕಾಲು ಅರಿಶಿಣ ಹಚ್ಚಿದಂಗ ಅದಾವು" ಅಂದಳು. ಚಹಾದವನೂ ತಲೆ ಎತ್ತಿ ನೋಡಿದ, ಎಂಟು ವರ್ಷದಿಂದ ಈ ಮರದ ಕೆಳಗೇ ಇದೀನಿ, ಬರೀ ಪಾರಿವಾಳ ಅಂದ್ಕೊಂಡಿದ್ದೆ ಅಂದ. ಹಣ್ಣು ತಿನ್ನೋಕೆ ಅವು ಎಲೆ ಒಳಗೆ ಇಳಿದ್ವು, ಇಳಿದ ಮೇಲೆ ಆಜೋಬಾ ಹೇಳಿದ್ದು ಸರಿ, ಹದಿನಾಲ್ಕರಲ್ಲಿ ಒಂದೂ ಕಾಣಲಿಲ್ಲ, ಎಲೆ ಒಳಗಿಂದ ಸಿಳ್ಳೆ ಹೊಡೆದ ಹಾಗೆ ಮೆತ್ತಗೆ ಕೂಗು ಮಾತ್ರ. ಈ ಹಕ್ಕಿ ನೆಲದ ಮೇಲೆ ಕಾಲಿಡಲ್ಲ, ಇಳಿಯಲೇಬೇಕಾದ್ರೆ ಕಾಲಲ್ಲಿ ಒಂದು ಕಡ್ಡಿ ಹಿಡ್ಕೊಂಡು ಇಳೀತದೆ ಅಂತ ಜನ ನಂಬ್ತಾರಂತೆ, ಮಗಳಿಗೆ ಅದು ತುಂಬಾ ಇಷ್ಟ ಆಯ್ತು. ಮನೆಗೆ ಬರ್ತಾ ದಾರಿಲಿ ಎಂಎಚ್ 12 ಗಾಡಿ ಕಂಡಾಗೆಲ್ಲ ಹರಿಯಾಲ, ಹರಿಯಾಲ ಅಂತ ಎಣಿಸ್ತಾ ಬಂದಳು.

ಅದಕ್ಕೇ ನಾನು ಹೇಳೋದು ಇಷ್ಟು. ಇವತ್ತಿನ ಸ್ಥಿತಿಲಿ ಈ ನಮ್ಮ ಸೆಟ್‌ಗೆ ಐದರಲ್ಲಿ ಎರಡೂವರೆ. ಕಾಗದ, ಮುದ್ರಣ, ಬೆಲೆ ಎಲ್ಲಾ ಸರಿ, ಚಿತ್ರ ಆರಿಸೋವಾಗ ಹಕ್ಕಿ ಗೊತ್ತಿರೋ ಒಬ್ಬರಿಗೆ ತೋರಿಸಿದ್ದರೆ ನಾಲ್ಕು ಕೊಡ್ತಿದ್ದೆ, ಹಿಂದಿನ ಬರಹ ಇನ್ನೊಮ್ಮೆ ಬರೆದರೆ ಐದೂ ಕೊಡ್ತೀನಿ. ದೆಹಲಿಯ ಗುಬ್ಬಿ ಕಾರ್ಡನ್ನೇ ತಗೊಳ್ಳಿ, 2012ರಲ್ಲಿ ದೆಹಲಿ ಗುಬ್ಬಚ್ಚಿನ ರಾಜ್ಯ ಪಕ್ಷಿ ಮಾಡಿತು, ಕಡಿಮೆ ಆಗ್ತಿದೆ, ಉಳಿಸೋಣ ಅಂತ, ಬಿಹಾರದ್ದೂ ಗುಬ್ಬಚ್ಚಿನೇ. ಮಕ್ಕಳು ದಿನಾ ನೋಡಬಹುದಾದ ಹಕ್ಕಿ. ಅಂಗಳದಲ್ಲಿ ಒಂದು ಹಿಡಿ ಅಕ್ಕಿ ನುಚ್ಚು ಹಾಕಿ ನೋಡಿ, ಕಪ್ಪು ಗಂಟಲಿದ್ರೆ ಗಂಡು, ಇಲ್ಲದಿದ್ರೆ ಹೆಣ್ಣು, ಇಷ್ಟು ಬರೆದಿದ್ರೆ ಸಾಕಿತ್ತು, ಬರೆದಿರೋದು ಮತ್ತೆ ಉದ್ದ, ತೂಕ, ಆವಾಸ. ಚಿಕಡೀ ಅಷ್ಟು ಹೆಸರುವಾಸಿ ಆಗಿದ್ದು ಅದು ವಿಶೇಷ ಹಕ್ಕಿ ಅಂತ ಅಲ್ಲ, ಅದನ್ನ ಪ್ರೀತಿಯಿಂದ ಪಕ್ಕದ ಮನೆಯವರ ಹಾಗೆ ಪರಿಚಯ ಮಾಡ್ಕೊಡೋರು ಇದ್ರು, ನಮ್ಮ ಹಕ್ಕಿಗೂ ಅಂಥವರು ಬೇಕು.

ಇನ್ನು ಭಾಷೆ. ನಮ್ಮ ಸೆಟ್‌ನಲ್ಲಿ ಇಂಗ್ಲಿಷ್, ಹಿಂದಿ ಎರಡೇ. ಕನ್ನಡ, ಮರಾಠಿ ಇಲ್ಲ. ಕರ್ನಾಟಕದ ಕಾರ್ಡ್ ಮೇಲಾದ್ರೂ ನೀಲಕಂಠ ಅಂತ ಕನ್ನಡ ಅಕ್ಷರದಲ್ಲಿ ಇರಬೇಕಿತ್ತು, ತೆಲಂಗಾಣದ್ದರ ಮೇಲೆ ಪಾಲಪಿಟ್ಟ ಅಂತ ತೆಲುಗಿನಲ್ಲಿ, ಒಂದೊಂದು ಕಾರ್ಡಿಗೆ ಆ ಊರಿನ ಹೆಸರು ಅಂದ್ರೆ ಎಷ್ಟು ಚೆಂದ ಇರ್ತಿತ್ತು. ನಾವು ಅತ್ತೆ ಹತ್ರ ಕೂತು ಗೊತ್ತಿದ್ದಷ್ಟಕ್ಕೆ ಸಣ್ಣ ಚೀಟಿ ಬರೆದು ಅಂಟಿಸಿದೀವಿ, ಜಾರ್ಖಂಡ್‌ಗೆ ಕೋಗಿಲೆ, ಮಧ್ಯಪ್ರದೇಶಕ್ಕೆ ರಾಜಹಕ್ಕಿ, ಬಂಗಾಳಕ್ಕೆ ಮಿಂಚುಳ್ಳಿ. ಪುಣೆಲಿ ಬೆಳೆಯೋ ಕನ್ನಡ ಮಕ್ಕಳಿಗೆ ಮನೆಲಿ ಕನ್ನಡ ಮಾತು ಬರುತ್ತೆ, ಆದರೆ ಹಕ್ಕಿ ಹೆಸರೆಲ್ಲಾ ಇಂಗ್ಲಿಷೇ, ನಮ್ಮ ಮಗನಿಗೆ ಹನ್ನೊಂದು ವರ್ಷ, ಮಿಂಚುಳ್ಳಿ ಅನ್ನೋ ಪದ ಈ ಚೀಟಿಯಿಂದಲೇ ಅವನಿಗೆ ಗೊತ್ತಾಗಿದ್ದು. ಹೆಸರು ಎಷ್ಟು ಚೆನ್ನಾಗಿದೆ ಅಂತ ಅವನೇ ನಾಲ್ಕು ಸಲ ಹೇಳ್ಕೊಂಡ.

ಕೊಳ್ಳಬೇಕಾ ಅಂತ ಕೇಳಿದ್ರೆ, ಆರೇಳು ವರ್ಷದ ಮೇಲಿನ ಮಕ್ಕಳಿದ್ರೆ ಕೊಳ್ಳಿ, ಆದರೆ ಆಂಧ್ರ, ಗೋವಾ, ಮಹಾರಾಷ್ಟ್ರದ ಮೂರು ಕಾರ್ಡ್ ಮೊದಲೇ ತೆಗೆದು ಸರಿ ಮಾಡಿ ಕೊಡಿ. ಬರೀ ಕ್ವಿಜ್ ತಯಾರಿಗೆ ಅಂತ ಆದ್ರೆ ಬೇಡ. ಅಮೆರಿಕಾದ ಸೆಟ್ ಇಲ್ಲಿ ಸಿಗಲ್ಲ, ಅಲ್ಲಿ ಅಣ್ಣನೋ ಅಕ್ಕನೋ ಇದ್ರೆ ತರಿಸ್ಕೊಳ್ಳಿ, ಮಕ್ಕಳಿಗಿಂತ ಹೆಚ್ಚಾಗಿ ನಮ್ಮಲ್ಲಿ ಇಂಥ ಕಾರ್ಡ್ ಮಾಡೋರು ಅದನ್ನ ಒಮ್ಮೆ ನೋಡಬೇಕು.

ಕಂಪನಿಗೆ ಫೋಟೋ ಸಮೇತ ಮೇಲ್ ಕಳಿಸಿ ಹದಿನೈದು ದಿನ ಆಯ್ತು. ಮೂರು ದಿನದಲ್ಲಿ ಉತ್ತರ ಬಂತು, ಥ್ಯಾಂಕ್ಸ್ ಹೇಳಿದಾರೆ, ಮುಂದಿನ ಮುದ್ರಣದಲ್ಲಿ ಮೂರೂ ಸರಿ ಮಾಡ್ತೀವಿ, ಸರಿ ಮಾಡಿದ ಕಾರ್ಡ್ ಪೋಸ್ಟಲ್ಲಿ ಕಳಿಸ್ತೀವಿ ಅಂದಿದಾರೆ, ಬಂದಾಗ ಇಲ್ಲೇ ಅಪ್‌ಡೇಟ್ ಹಾಕ್ತೀನಿ. ಅಲ್ಲಿವರೆಗೆ ಮಗಳು ಕಾದಿಲ್ಲ. ಪರ್ಮನೆಂಟ್ ಮಾರ್ಕರ್‌ನ ಹಳದಿ ಲ್ಯಾಮಿನೇಷನ್ ಮೇಲೆ ಸರಿಯಾಗಿ ಹಿಡೀಲಿಲ್ಲ, ಕೆಳಗಿನ ಕೆಂಪು ಇಣುಕ್ತಿತ್ತು, ಹಾಗಾಗಿ ಹಳದಿ ಕಾಗದದಿಂದ ಉಗುರಿನಷ್ಟು ಅಗಲದ ಎರಡು ಕಾಲು ಕತ್ತರಿಸಿ, ಒಂದೊಂದು ಬೆರಳೂ ಬಿಡಿಸಿ, ಫೆವಿಕಾಲ್ ಹಾಕಿ ಅಂಟಿಸಿದಾಳೆ. ಕಾರ್ಡಿನ ಹಿಂದೆ ಆವಾಸ ಕಾಡು ಅಂತ ಇರೋ ಕಡೆ ಪೆನ್ನಲ್ಲಿ ಸೇರಿಸಿದಾಳೆ, ಪಾಷಾಣ್ ರಸ್ತೆ, ಚಹಾದ ಗಾಡಿ ಮೇಲಿನ ಅರಳಿ ಮರ, ಬೆಳಿಗ್ಗೆ ಆರೂ ಮುಕ್ಕಾಲು.